ಊರ ದಾರಿಯಲ್ಲಿ ಕಾರು ಓರೆ ನಡೆದರೆ?

ನೇರ ರಸ್ತೆ. ಸ್ಟೀರಿಂಗ್ ಹಿಡಿತ ಸ್ವಲ್ಪ ಸಡಿಲಿಸಿದರೆ ಸಾಕು, ಕಾರು ಮೆಲ್ಲಗೆ ಒಂದು ಪಕ್ಕಕ್ಕೆ ವಾಲುತ್ತದೆ. ಪಕ್ಕದಲ್ಲಿ ಕೂತ ಯಜಮಾನರು ತಕ್ಷಣ, ‘ನಿಂಗೆ ಇನ್ನೂ ಡ್ರೈವಿಂಗ್ ಕೈಹತ್ತಿಲ್ಲ ಬಿಡು’ ಅಂತಾರೆ. ನೀವೂ ಹೌದೇನೋ ಅಂದುಕೊಂಡು ಸುಮ್ಮನಾಗ್ತೀರಿ. ಸ್ವಲ್ಪ ತಡೀರಿ! ದೋಷ ನಿಮ್ಮ ಕೈಯದ್ದಲ್ಲ, ಕಾರಿನ ಕಾಲಿನದ್ದಿರಬಹುದು. ಅದಕ್ಕೆ ಮದ್ದು ವೀಲ್ ಅಲೈನ್‌ಮೆಂಟ್. ಹೆಸರು ಕೇಳಿರುತ್ತೀರಿ, ಬಿಲ್ಲಿನಲ್ಲೂ ನೋಡಿರುತ್ತೀರಿ. ಅದೇನು ಅಂತ ಒಮ್ಮೆ ತಿಳಿದುಕೊಂಡರೆ ಟೈರಿನ ದುಡ್ಡೂ ಉಳಿಯುತ್ತದೆ, ಮನೆಮಂದಿಯ ಜೀವವೂ.

ಚಪ್ಪಲಿಯೇ ಸಾಕ್ಷಿ

ನಿಮ್ಮ ಹಳೆಯ ಚಪ್ಪಲಿ ತಿರುವಿ ನೋಡಿ. ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ ಹೆಜ್ಜೆ ಸಮ ಬೀಳುತ್ತಿಲ್ಲ ಎಂದರ್ಥ. ಟೈರೂ ಹಾಗೆಯೇ. ಮೆಕ್ಯಾನಿಕ್ ಬಾಯಲ್ಲಿ ಬರುವ ಮೂರು ಪದಗಳನ್ನು ನೆನಪಿಟ್ಟುಕೊಳ್ಳಿ. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಅದು ‘ಟೋ’. ನಮ್ಮ ಪಾದ ಒಳಗಾಲು, ಹೊರಗಾಲು ಆದ ಹಾಗೆ. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ‘ಕ್ಯಾಂಬರ್’. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆಗೆ ‘ಕ್ಯಾಸ್ಟರ್’ ಎಂದು ಹೆಸರು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗುತ್ತದಲ್ಲ, ಅದರಲ್ಲಿ ಇದರ ಪಾಲು ದೊಡ್ಡದು.

ಮೂರರಲ್ಲಿ ಟೈರನ್ನು ಬೇಗ ತಿನ್ನುವುದು ಟೋ. ಒಂದು ಚಕ್ರ ಬರೀ ಒಂದು ಡಿಗ್ರಿ ಓರೆಯಾಗಿದ್ದರೂ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಡ್ಡ ಉಜ್ಜಿಸಿಕೊಂಡೇ ಓಡುತ್ತದೆ. ರಬ್ಬರನ್ನು ತುರಿಯುವ ಮಣೆಗೆ ಹಚ್ಚಿದಂತೆ! ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ನಮ್ಮ ಊರ ದಾರಿಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಈ ಐದೂ ತಾಲ್ಲೂಕುಗಳು ಅದರ ಮಡಿಲಿಗೆ ಬಂದವು. ನಿಮ್ಮ ತವರೋ ಅತ್ತೆಮನೆಯೋ ಇಲ್ಲಿದ್ದರೆ ದಾರಿಯ ಗುಣ ಹೇಳಬೇಕಿಲ್ಲ. ಚಿತ್ರದುರ್ಗ ದಾಟಿ ಕೂಡ್ಲಿಗಿ ಮೇಲೆ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಾರು ಹಾಯಾಗಿ ಓಡುತ್ತದೆ. ಹೆದ್ದಾರಿ ಬಿಟ್ಟು ಒಳದಾರಿಗೆ ಇಳಿದಿರೋ, ಊರಿಗೊಂದು ಬಣ್ಣವಿಲ್ಲದ ಹಂಪು, ಮಳೆಗಾಲದಲ್ಲಿ ನೀರು ತುಂಬಿ ಆಳವೇ ತಿಳಿಯದ ಗುಂಡಿ, ಟಾರಿನ ಅಂಚು ಮುರಿದ ಇಕ್ಕೆಲ. ಸುಗ್ಗಿಯಲ್ಲಂತೂ ರಸ್ತೆಯೇ ಕಣ. ಹುರುಳಿ, ರಾಗಿ ಹರಡಿದ ಕಡೆ ಕೆಳಗೆ ಗುಂಡಿ ಇದೆಯೋ ಕಲ್ಲಿದೆಯೋ ದೇವರಿಗೇ ಗೊತ್ತು! ಒಣ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹೊತ್ತುವ ಅಪಾಯ ಬೇರೆ. ಎದುರಿನಿಂದ ಲಾರಿ ಬಂತೆಂದು ಎಡಕ್ಕೆ ಇಳಿಸಿ, ಮತ್ತೆ ಟಾರಿಗೆ ಜೋರಾಗಿ ಹತ್ತಿಸಿದರೆ ಅದೊಂದೇ ಏಟಿಗೆ ಟೋ ಕೆಡಬಹುದು.

ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು ನೋಡಿದವರಿಗೆ ಗಾಲಿಯ ಮಹತ್ವ ಗೊತ್ತು. 2017ರ ಫೆಬ್ರುವರಿಯಲ್ಲಿ ಎಳೆಯುತ್ತಿದ್ದಾಗಲೇ ಆ ತೇರು ವಾಲಿ ಉರುಳಿ ಹಲವರು ಗಾಯಗೊಂಡರು. ಮರದ ತೇರಾಗಲಿ ಉಕ್ಕಿನ ಕಾರಾಗಲಿ, ಮೇಲಿನ ಅಲಂಕಾರ ಎಷ್ಟೇ ಇರಲಿ, ಭಾರ ಹೊರುವುದು ಕೆಳಗಿನ ಅಚ್ಚು, ಗಾಲಿ. ಅದನ್ನು ನೋಡಿಯೇ ಹೊರಡಬೇಕು.

ಮೊದಲು ನೀವೇ ನೋಡಿ

* ನಾಲ್ಕೂ ಟೈರಿನ ಗಾಳಿ ಪರೀಕ್ಷಿಸಿ. ಎಷ್ಟಿರಬೇಕೆಂಬ ಚೀಟಿ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಬಳಿ ಇರುತ್ತದೆ. ಟೈರು ತಣ್ಣಗಿರುವಾಗಲೇ ನೋಡಬೇಕು. ಒಂದು ಪಕ್ಕ ಗಾಳಿ ಕಡಿಮೆಯಾದರೂ ಕಾರು ಎಳೆಯುತ್ತದೆ. ಅದಕ್ಕೆ ಅಲೈನ್‌ಮೆಂಟ್ ಬೇಡ, ಗಾಳಿ ಸಾಕು.

* ಸ್ಟೀರಿಂಗನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ಟೈರಿನ ಒಳಅಂಚು ನೋಡಿ. ಹೊರಗೆ ಹೊಸದರಂತೆ ಕಂಡರೂ ಒಳಗೆ ಬೋಳಾಗಿರಬಹುದು. ಅಂಗೈಯಿಂದ ಹಗುರಾಗಿ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಮೇಲೆ ಅನುಮಾನ ಪಡಿ. ತಂತಿ ಇಣುಕುವ ಟೈರನ್ನು ಮಾತ್ರ ಮುಟ್ಟಬೇಡಿ, ಕೈ ಕೊಯ್ದೀತು.

* ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟ ನಿಲ್ಲುತ್ತಿದೆಯೇ? ಇದೂ ಒಂದು ಸೂಚನೆ.

* ಮಳೆನೀರು ಹರಿಯಲೆಂದು ರಸ್ತೆಯ ನಡು ಉಬ್ಬಿ, ಅಂಚು ಇಳಿಜಾರಾಗಿರುತ್ತದೆ. ಹಾಗಾಗಿ ಕಾರು ತುಸು ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿಯೇ ತೀರ್ಮಾನಿಸಿ.

* ವೇಗ ಹೆಚ್ಚಿದಾಗ ಸ್ಟೀರಿಂಗ್ ನಡುಗಿದರೆ ಅದು ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗ್ ತೊಂದರೆ. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬ್ರೇಕ್ ತೋರಿಸಿ. ಹೊಟ್ಟೆನೋವಿಗೆ ತಲೆನೋವಿನ ಮಾತ್ರೆ ನುಂಗಬಾರದಲ್ಲ!

ಗ್ಯಾರೇಜಿನಲ್ಲಿ ಹಿಂಜರಿಕೆ ಬೇಡ

‘ಮೇಡಂ, ನೀವು ಕೂತ್ಕೊಳ್ಳಿ, ನಾವು ನೋಡ್ಕೋತೀವಿ’ ಅಂದರೆ ನಗುತ್ತಲೇ ಪಕ್ಕದಲ್ಲಿ ನಿಂತುಕೊಳ್ಳಿ. ಡಿಕ್ಕಿಯಲ್ಲಿರುವ ಜೋಳದ ಚೀಲ, ಹುಣಸೆಹಣ್ಣಿನ ಡಬ್ಬ ಮೊದಲು ಕೆಳಗಿಳಿಸಿ. ಭಾರಕ್ಕೆ ಕಾರು ತಗ್ಗಿದರೆ ಅಳತೆಯೂ ಬದಲಾಗುತ್ತದೆ.

ಕೆಲಸದ ಕ್ರಮ ಹೀಗಿರಬೇಕು: ಮೊದಲು ಗಾಳಿ, ಆಮೇಲೆ ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸಡಿಲವಾಗಿವೆಯೇ ಎಂಬ ಪರೀಕ್ಷೆ, ಕೊನೆಗೆ ಅಲೈನ್‌ಮೆಂಟ್. ಕಾಲು ಅಲ್ಲಾಡುವ ಮೇಜಿನ ಮೇಲೆ ರಂಗೋಲಿ ಹಾಕಿದರೆ ಗೆರೆ ನೇರ ಬಂದೀತೇ? ಸಡಿಲ ಭಾಗ ಬದಲಿಸದೆ ಅಲೈನ್‌ಮೆಂಟ್ ಮಾಡಿಸಿದರೆ ನಾಲ್ಕು ದಿನಕ್ಕೆ ಮತ್ತೆ ಅದೇ ರಾಗ.

ಈಗಿನ ‘ತ್ರೀ ಡಿ’ ಯಂತ್ರದಲ್ಲಿ ನಾಲ್ಕೂ ಚಕ್ರಕ್ಕೆ ಫಲಕ ಕಟ್ಟಿ, ಕ್ಯಾಮೆರಾದಿಂದ ಕೋನ ಅಳೆಯುತ್ತಾರೆ. ಪರದೆಯಲ್ಲಿ ಕೆಂಪು ಕಂಡರೆ ಅಳತೆ ತಪ್ಪಿದೆ, ಹಸಿರು ಕಂಡರೆ ಸರಿಯಿದೆ. ನಿಮ್ಮ ಕಾರಿನದೇ ಮಾಡೆಲ್ ಆರಿಸಿದ್ದಾರೆಯೇ ನೋಡಿ. ಕೆಲಸಕ್ಕೆ ಮೊದಲಿನದು, ನಂತರದ್ದು, ಎರಡೂ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. ಅದೇ ನಿಮ್ಮ ರಸೀದಿ.

ಇನ್ನೊಂದು ಗುಟ್ಟು. ಅನೇಕ ಚಿಕ್ಕ ಕಾರುಗಳಲ್ಲಿ ತಿದ್ದಲು ಬರುವುದು ಮುಂದಿನ ಟೋ ಮಾತ್ರ. ‘ಕ್ಯಾಂಬರ್ ಸರಿಮಾಡಿದ್ದೀವಿ’ ಎಂದು ಬಿಲ್ ಹಾಕಿದರೆ ಎಲ್ಲಿ, ಹೇಗೆ ತಿದ್ದಿದಿರಿ ಅಂತ ಕೇಳಿ. ಬಲವಂತವಾಗಿ ಭಾಗ ಬಗ್ಗಿಸಿ ಅಳತೆ ಕೂಡಿಸುವುದಕ್ಕೆ ಒಪ್ಪಬೇಡಿ. ಹೊಸ ಕಾರಾಗಿದ್ದರೆ ಸ್ಟೀರಿಂಗ್ ಆಂಗಲ್ ಸೆನ್ಸರ್ ಮರುಹೊಂದಿಸಬೇಕೇ ಎಂದೂ ವಿಚಾರಿಸಿ. ಕೊನೆಗೆ ನೀವೇ ಒಂದು ಸುತ್ತು ಓಡಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಮಗನ ಸ್ಪೋರ್ಟ್ಸ್ ಕಾರು ಊರಿಗೆ ಬಂದರೆ

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ, ಅಳಿಯ ಜಾತ್ರೆಗೆಂದು ಸ್ಪೋರ್ಟ್ಸ್ ಕಾರಿನಲ್ಲೇ ಬರುತ್ತೇನೆಂದರೆ? ಬೇಡವೆನ್ನಬೇಡಿ, ಎಚ್ಚರ ಹೇಳಿ. ಇಂಥ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ, ಟೈರು ಅಗಲ, ಅದರ ಪಕ್ಕದ ರಬ್ಬರ್ ಗೋಡೆ ಗಿಡ್ಡ. ಗುಂಡಿಯ ಏಟು ನೇರ ಅಲಾಯ್ ರಿಮ್ಮಿಗೆ ಬಿದ್ದು ಅದು ಬಾಗಬಹುದು, ಸೀಳಬಹುದು. ಮೂಲೆಯಲ್ಲಿ ಹಿಡಿತ ಸಿಗಲೆಂದು ಕ್ಯಾಂಬರನ್ನು ಒಳಕ್ಕೆ ವಾಲಿಸಿರುವುದುಂಟು. ಹಾಗಾಗಿ ಒಳಅಂಚು ಬೇಗ ಸವೆಯುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಹಿಂದಿನ ಚಕ್ರದ ಕೋನವನ್ನೂ ತಿದ್ದಬೇಕು. ಬರೀ ಮುಂದಿನ ಎರಡು ಚಕ್ರ ನೋಡುವ ಕಡೆ ಇದು ಆಗದ ಮಾತು. ಹೊಸಪೇಟೆ, ದಾವಣಗೆರೆಯಂಥ ಊರಿಗೆ ಹೊರಡುವ ಮುನ್ನ ಫೋನ್ ಮಾಡಿ, ನಾಲ್ಕು ಚಕ್ರದ ಯಂತ್ರ, ಆ ಮಾಡೆಲಿನ ಅಳತೆ, ತಗ್ಗು ಕಾರು ಹತ್ತುವ ರ‍್ಯಾಂಪ್ ಮೂರೂ ಇವೆಯೇ ಎಂದು ಕೇಳಿಸಿ. ಸ್ಟೈಲಿಗೆಂದು ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವ ಹುಚ್ಚಿದ್ದರೆ ಬಿಡಿಸಿ, ಅಲ್ಲಿಗೆ ಕಂಪನಿಯ ಲೆಕ್ಕವೆಲ್ಲ ತಲೆಕೆಳಗು.

ಯಾವಾಗ ಮಾಡಿಸಬೇಕು?

ಸಾಮಾನ್ಯವಾಗಿ 10,000 ಕಿಲೋಮೀಟರಿಗೊಮ್ಮೆ ಪರೀಕ್ಷಿಸುವುದು ವಾಡಿಕೆ. ಒರಟು ದಾರಿಯಲ್ಲಿ ಹೆಚ್ಚು ಓಡುವ ಕಾರಿಗೆ 5,000ಕ್ಕೇ ಮಾಡಿಸಿದರೂ ನಷ್ಟವಿಲ್ಲ. ಹೊಸ ಟೈರು ಹಾಕಿಸಿದಾಗ, ಸ್ಟೀರಿಂಗ್ ಅಥವಾ ಸಸ್ಪೆನ್ಷನ್ ಭಾಗ ಬದಲಿಸಿದಾಗ, ದೊಡ್ಡ ಗುಂಡಿಗೆ ಬಿದ್ದಾಗ ಕಿಲೋಮೀಟರ್ ಲೆಕ್ಕ ಹಾಕುತ್ತಾ ಕೂರಬೇಡಿ. ಟೈರಿನ ಗೀರುಗಳ ನಡುವೆ ಚಿಕ್ಕ ಉಬ್ಬು ಪಟ್ಟಿಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ಆಗ ಅಲೈನ್‌ಮೆಂಟೂ ಕಾಪಾಡದು, ಹೊಸ ಟೈರೇ ಬೇಕು. ಅಂಥ ಟೈರಿನಲ್ಲಿ ಮಳೆಯಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲದು, ಜಾರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ, ನೆನಪಿರಲಿ.

ಫೆಬ್ರುವರಿ ಹೊತ್ತಿಗೆ ಕೊಟ್ಟೂರಿನ ತೇರು, ಮೈಲಾರದ ಕಾರಣಿಕ ಎರಡೂ ಬರುತ್ತವೆ. ಊರಿಗೆ ಹೊರಡುವ ವಾರ ಮೊದಲು ರೊಟ್ಟಿ, ಚಟ್ನಿಪುಡಿ ಕಟ್ಟುವ ಪಟ್ಟಿಯಲ್ಲೇ ‘ಟೈರಿನ ಒಳಅಂಚು’ ಅಂತ ಒಂದು ಸಾಲು ಸೇರಿಸಿಬಿಡಿ. ಐದು ನಿಮಿಷದ ಕೆಲಸ, ಅಷ್ಟೇ!