ಥಿನ್ನರ್ ಡಬ್ಬಕ್ಕೂ ಒಂದು ತಿಜೋರಿ ಬೇಕು



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಚಿಕಿತ್ಸೆಗೆ ಸಂಬಂಧಿಸಿದವು. ಯಾರಿಗೆ ಯಾವಾಗ ಬರುತ್ತದೆಂದು ಹೇಳಲಾಗದ ಕಾಯಿಲೆಗಳು ಅವು. ಈ ಸಲ ನಮ್ಮ ಉಪಸಮಿತಿಯ ಮುಂದೆ ಬಂದ ಒಂದು ಅರ್ಜಿ ಹಾಗಲ್ಲ. ಅದು ತಡೆಯಬಹುದಾಗಿದ್ದ ನೋವು. ಆದ್ದರಿಂದ ಸಹಾಯದ ವಿನಂತಿಯ ಜೊತೆಗೆ ನಾಲ್ಕು ಮಾತು ವಿವರವಾಗಿ ಬರೆಯುತ್ತಿದ್ದೇನೆ.

ಅರ್ಜಿದಾರ 22 ವರ್ಷದ ಯುವಕ. ಊರು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅಂಧೇರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಗಾಲಾದಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಕೆಲಸಕ್ಕಿದ್ದ. ಸ್ಕ್ರೀನ್ ತೊಳೆಯುವ ಮೇಜಿನ ಕೆಳಗೆ 20 ಲೀಟರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಥಿನ್ನರ್ ಇತ್ತು. ಪದೇ ಪದೇ ಬೇಕಾಗುವುದೆಂದು ಮುಚ್ಚಳ ತೆಗೆದೇ ಇರುತ್ತಿತ್ತು. ಗಾಲಾದ ಇನ್ನೊಂದು ಮೂಲೆಯಲ್ಲಿ ಚಹಾ ಕಾಯಿಸುವ ಒಲೆ. ಒಲೆ ಹಚ್ಚಿದ ಕ್ಷಣದಲ್ಲಿ ನೆಲದ ಮೇಲೆ ನೀಲಿ ಜ್ವಾಲೆ ಓಡಿಬಂದು ಕ್ಯಾನಿಗೆ ಹತ್ತಿಕೊಂಡಿತು. ಕ್ಯಾನನ್ನು ಹೊರಗೆ ಎಳೆಯಲು ಹೋದ ಹುಡುಗನ ಎರಡೂ ಕೈ, ಎದೆ, ಕುತ್ತಿಗೆ ಸುಟ್ಟವು.

ಅರ್ಜಿ ಪರಿಶೀಲನೆಗಾಗಿ ನಾನು ಆಸ್ಪತ್ರೆಗೆ ಹೋದಾಗ ಅವನ ತಾಯಿ ಸುಟ್ಟಗಾಯದ ವಾರ್ಡಿನ ಹೊರಗೆ ಕುಳಿತಿದ್ದರು. ನಾನು ಕಾಗದಪತ್ರ ನೋಡುತ್ತಿದ್ದಂತೆ ಕೇಳಿದರು: “ಸಾಹೇಬ್ರ, ಅದು ಥಿನ್ನರ್ ಅಂದ್ರ ಏನ್ರೀ? ನೋಡಾಕ ನೀರಿನಂಗ ಇರ್ತದಂತ. ಒಲಿ ಎಲ್ಲೋ ಇತ್ತಂತ, ಡಬ್ಬಿ ಎಲ್ಲೋ ಇತ್ತಂತ. ಮತ್ತ ಬೆಂಕಿ ಹೆಂಗ ಹತ್ತತ್ರೀ?”

ನನ್ನ ಬಳಿ ಉತ್ತರ ಇರಲಿಲ್ಲ. ನಾನು ಬಿಕಾಂ ಓದಿದವನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಅದರಲ್ಲಿ ಬಹುಕಾಲ ಸಣ್ಣ ಉದ್ಯಮಗಳ ಸಾಲ ವಿಭಾಗದಲ್ಲಿದ್ದೆ. ಇಂಥದ್ದೇ ಎಷ್ಟೋ ಗಾಲಾಗಳಿಗೆ ತಪಾಸಣೆಗೆ ಹೋಗಿದ್ದೇನೆ. ಸ್ಟಾಕ್ ಸ್ಟೇಟ್‌ಮೆಂಟ್ ತಾಳೆ ನೋಡಿದ್ದೇನೆ, ಯಂತ್ರದ ಮೇಲೆ ಬ್ಯಾಂಕಿನ ಹೆಸರಿನ ಫಲಕ ಇದೆಯೇ ಎಂದು ನೋಡಿದ್ದೇನೆ, ವಿಮೆ ನವೀಕರಣವಾಗಿದೆಯೇ ಎಂದು ಕೇಳಿದ್ದೇನೆ. ಥಿನ್ನರ್ ಎಲ್ಲಿಟ್ಟಿದ್ದೀರಿ ಎಂದು ಒಮ್ಮೆಯೂ ಕೇಳಿದ ನೆನಪಿಲ್ಲ. ಆ ವಾಸನೆಯ ನಡುವೆ ಕುಳಿತು, ಅದೇ ಒಲೆಯಲ್ಲಿ ಕಾಸಿದ ಚಹಾ ಕುಡಿದು, “ತೃಪ್ತಿಕರ” ಎಂದು ಬರೆದು ಸಹಿ ಹಾಕಿ ಬಂದಿದ್ದೇನೆ.

ಆ ತಾಯಿಯ ಪ್ರಶ್ನೆಯನ್ನು ನಮ್ಮ ಸೊಸೈಟಿಯಲ್ಲೇ ಇರುವ, ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದ ಹಿರಿಯ ಮಿತ್ರರ ಮುಂದಿಟ್ಟೆ. ಅವರು ತಿಳಿಸಿಕೊಟ್ಟದ್ದನ್ನು ನನಗೆ ಅರ್ಥವಾದ ರೀತಿಯಲ್ಲಿ ಇಲ್ಲಿ ಹೇಳುತ್ತೇನೆ.

ಉರಿಯುವುದು ದ್ರವವಲ್ಲ, ಆವಿ

ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಇವುಗಳಲ್ಲಿ ಬೆಂಕಿ ಹತ್ತುವುದು ದ್ರವಕ್ಕಲ್ಲ. ಅದರ ಮೇಲಿಂದ ಏಳುವ ಆವಿಗೆ. ಯಾವ ಉಷ್ಣಾಂಶದಲ್ಲಿ ಒಂದು ದ್ರವವು ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡಲಾರಂಭಿಸುತ್ತದೆಯೋ ಅದನ್ನು ಫ್ಲ್ಯಾಷ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿಗೆ ಇದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಸಿಟೋನಿಗೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಥಿನ್ನರಿನಲ್ಲಿ ಸಾಮಾನ್ಯವಾಗಿ ಬೆರೆಸುವ ಟಾಲ್ಯೂಯಿನ್‌ಗೆ ಸುಮಾರು 4 ಡಿಗ್ರಿ. ಮುಂಬಯಿಯ ಚಳಿಗಾಲದ ಬೆಳಗಿನಲ್ಲೂ ನಮ್ಮ ಉಷ್ಣಾಂಶ ಇದಕ್ಕಿಂತ ಬಹಳ ಮೇಲೆ. ಅಂದರೆ ಮುಚ್ಚಳವಿಲ್ಲದ ಥಿನ್ನರ್ ಡಬ್ಬ ವರ್ಷದ 365 ದಿನವೂ ಬೆಂಕಿಗೆ ಸಿದ್ಧವಾಗಿಯೇ ಇರುತ್ತದೆ.

ಎರಡನೆಯ ಮಾತು ಇನ್ನೂ ಮುಖ್ಯ. ಈ ಆವಿ ಗಾಳಿಗಿಂತ ಭಾರ. ಟಾಲ್ಯೂಯಿನ್ ಆವಿ ಗಾಳಿಯ ಮೂರು ಪಟ್ಟು ತೂಗುತ್ತದೆ. ಅದು ಮೇಲೆ ಹಾರಿಹೋಗುವುದಿಲ್ಲ. ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಿಯುತ್ತದೆ, ಮೂಲೆಯಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನೂರು ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಟಾಲ್ಯೂಯಿನ್ ಆವಿ ಸೇರಿದರೂ ಸಾಕು, ಬೆಂಕಿ ಹತ್ತುತ್ತದೆ. ಒಲೆ, ಸ್ವಿಚ್ಚಿನ ಕಿಡಿ, ಬೀಡಿಯ ತುದಿ, ವೆಲ್ಡಿಂಗಿನ ಕಿಡಿ ಯಾವುದೂ ಆಗಬಹುದು. ಹತ್ತಿದ ಜ್ವಾಲೆ ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ಡಬ್ಬವನ್ನು ಸೇರುತ್ತದೆ.

ಆ ತಾಯಿಯ ಪ್ರಶ್ನೆಗೆ ಉತ್ತರ ಇದೇ. ಡಬ್ಬ ದೂರವಿತ್ತು ನಿಜ. ಆದರೆ ಡಬ್ಬದಿಂದ ಹೊರಟ ಆವಿ ಒಲೆಯ ತನಕ ತಲುಪಿತ್ತು.

ಹಳದಿ ಕಪಾಟು ಎಂದರೇನು?

ಬ್ಯಾಂಕಿನಲ್ಲಿ ಸಾಲಪತ್ರಗಳನ್ನು ನಾವು ಮೇಜಿನ ಡ್ರಾಯರಿನಲ್ಲಿ ಇಡುತ್ತಿರಲಿಲ್ಲ. ಅದಕ್ಕೆ ಬೆಂಕಿ ತಡೆಯುವ ದಪ್ಪ ಕಪಾಟು ಇರುತ್ತಿತ್ತು. ಸಂಜೆ ಎಲ್ಲ ಪತ್ರಗಳೂ ಒಳಗೆ ಹೋಗಬೇಕು, ಬೀಗ ಬೀಳಬೇಕು. ಉರಿಯುವ ದ್ರವಗಳಿಗೂ ಅಂಥದ್ದೇ ಒಂದು ವ್ಯವಸ್ಥೆ ಇದೆ. ಸಾಮಾನ್ಯವಾಗಿ ಹಳದಿ ಬಣ್ಣ ಬಳಿದು, ಉರಿಯುವ ವಸ್ತು, ಬೆಂಕಿ ದೂರವಿಡಿ ಎಂಬ ಎಚ್ಚರಿಕೆ ಬರೆದಿರುವ ಉಕ್ಕಿನ ಸುರಕ್ಷತಾ ಕಪಾಟು ಅದು.

ಹೊರಗಿನಿಂದ ಬೀರುವಿನಂತೆ ಕಂಡರೂ ಅದು ಬೀರು ಅಲ್ಲ. ಅಮೆರಿಕದ ಮಾನದಂಡದ ಪ್ರಕಾರ ತಯಾರಾಗುವ ಕಪಾಟಿನಲ್ಲಿ ತಳ, ಮೇಲ್ಭಾಗ, ಬದಿ, ಬಾಗಿಲು ಎಲ್ಲಕ್ಕೂ ಎರಡು ಪದರ ಉಕ್ಕಿನ ತಗಡು. ನಡುವೆ ಒಂದೂವರೆ ಇಂಚು ಗಾಳಿಯ ಜಾಗ. ಹೊರಗಿನ ಬಿಸಿ ಬೇಗ ಒಳಗೆ ಹೋಗದಂತೆ ತಡೆಯುವುದು ಈ ಜಾಗವೇ. ಬಾಗಿಲು ಮೇಲೆ, ಕೆಳಗೆ, ನಡುವೆ ಮೂರು ಕಡೆ ಹಿಡಿಯುತ್ತದೆ, ನಮ್ಮ ಸ್ಟ್ರಾಂಗ್ ರೂಮಿನ ಬಾಗಿಲಿನ ಹಾಗೆ. ಹೊಸ್ತಿಲು ತಳಕ್ಕಿಂತ ಕನಿಷ್ಠ 2 ಇಂಚು ಎತ್ತರ. ಒಳಗೆ ಒಂದು ಡಬ್ಬ ಸೋರಿದರೂ ದ್ರವ ತಳದಲ್ಲೇ ನಿಲ್ಲುತ್ತದೆ, ಹೊರಗೆ ಹರಿಯುವುದಿಲ್ಲ. ಕೆಲವು ಕಪಾಟುಗಳ ಬಾಗಿಲು ತೆರೆದೇ ಉಳಿದರೂ, ಬಿಸಿ ತಗುಲಿದಾಗ ಹಿಡಿಕೆಯ ಕೊಂಡಿ ಕರಗಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಅದು ಕೊಡುವುದು ಎಷ್ಟು ಸಮಯ? ಆ ಮಾನದಂಡದ ಬೆಂಕಿ ಪರೀಕ್ಷೆ 10 ನಿಮಿಷದ್ದು. ಅಷ್ಟು ಹೊತ್ತು ಒಳಗಿನ ಉಷ್ಣಾಂಶ ಸುಮಾರು 163 ಡಿಗ್ರಿ ಮೀರಬಾರದು. ಯುರೋಪಿನ ಮಾನದಂಡದಲ್ಲಿ 15, 30, 60, 90 ನಿಮಿಷ ಎಂದು ನಾಲ್ಕು ದರ್ಜೆಗಳಿವೆ. ಹತ್ತು ನಿಮಿಷ ಎಂದರೆ ಏನೂ ಅಲ್ಲ ಎಂದು ನನಗೂ ಮೊದಲು ಅನಿಸಿತು. ನನ್ನ ಮಿತ್ರರು ಹೇಳಿದರು: “ಕಪಾಟು ಇರುವುದು ಥಿನ್ನರ್ ಉಳಿಸಲಿಕ್ಕಲ್ಲ ರಾಯರೇ, ಜನ ಹೊರಗೆ ಓಡಲಿಕ್ಕೆ.” ಆ ಹುಡುಗನಿಗೆ ಬೇಕಾಗಿದ್ದದ್ದೂ ಅದೇ. ಕ್ಯಾನ್ ಕಪಾಟಿನಲ್ಲಿದ್ದರೆ ಅವನು ಅದನ್ನು ಎಳೆಯಲು ಹೋಗಬೇಕಿರಲಿಲ್ಲ.

ಕಪಾಟು ಇದ್ದರೆ ಸಾಲದು

ಕಪಾಟು ತಂದು ಅದರೊಳಗೆ ಹಳೆಯ ಕಡತ ತುಂಬಿಸಿ, ಥಿನ್ನರನ್ನು ಅದರ ತಲೆಯ ಮೇಲೆ ಇಟ್ಟವರೂ ಇದ್ದಾರಂತೆ. ಆದ್ದರಿಂದ ಕೆಲವು ನಿಯಮಗಳು:

1. ಕಪಾಟಿನೊಳಗೂ ಪ್ರತಿ ಡಬ್ಬದ ಮುಚ್ಚಳ ಬಿಗಿಯಾಗಿರಬೇಕು. ಏನು ಇದೆ ಎಂದು ಡಬ್ಬದ ಮೇಲೆ ಬರೆದಿರಬೇಕು. ನೀರಿನ ಬಾಟಲಿಯಲ್ಲಿ ಥಿನ್ನರ್ ತುಂಬಿಡಬೇಡಿ.

2. ಆ ದಿನಕ್ಕೆ ಬೇಕಾದಷ್ಟೇ ಹೊರಗೆ ತೆಗೆಯಿರಿ, ಅದೂ ಮುಚ್ಚಳವಿರುವ ಸಣ್ಣ ಲೋಹದ ಡಬ್ಬದಲ್ಲಿ. ಉಳಿದದ್ದನ್ನು ಸಂಜೆ ಒಳಗಿಡಿ. ನಾವು ಕ್ಯಾಷ್ ಮುಚ್ಚುತ್ತಿದ್ದ ಹಾಗೆ ಇದೂ ದಿನದ ಕೊನೆಯ ಕೆಲಸವಾಗಲಿ.

3. ಆಮ್ಲ, ಬ್ಲೀಚಿಂಗ್ ಪುಡಿ, ಹೈಡ್ರೋಜನ್ ಪೆರಾಕ್ಸೈಡ್ ಇವುಗಳನ್ನು ಅದೇ ಕಪಾಟಿನಲ್ಲಿ ಇಡಬಾರದು. ಗ್ಯಾಸ್ ಸಿಲಿಂಡರನ್ನಂತೂ ಇಡಲೇಬಾರದು.

4. ಹೊರಗೆ ಹೋಗುವ ಬಾಗಿಲಿನ ಬಳಿ, ಮೆಟ್ಟಿಲ ಕೆಳಗೆ, ಒಲೆಯ ಅಥವಾ ಸ್ವಿಚ್ ಬೋರ್ಡಿನ ಪಕ್ಕ ಕಪಾಟು ಬೇಡ. ಅದಕ್ಕೆ ತೂತು ಕೊರೆಯಬೇಡಿ. ಕಂಪನಿ ಕೊಟ್ಟ ಗಾಳಿಕಿಂಡಿಯನ್ನು ಬಳಸದಿದ್ದರೆ ಅದರ ಬಿರಡೆ ಹಾಕಿಯೇ ಇರಲಿ.

5. ದೊಡ್ಡ ಡ್ರಮ್ಮಿನಿಂದ ಡಬ್ಬಕ್ಕೆ ಸುರಿಯುವಾಗ ಹರಿಯುವ ದ್ರವದಿಂದಲೇ ಸ್ಥಿರ ವಿದ್ಯುತ್ ಹುಟ್ಟಿ ಕಿಡಿ ಹಾರಬಹುದು. ಎರಡೂ ಲೋಹದವಾಗಿದ್ದು, ತಂತಿಯಿಂದ ಜೋಡಿಸಿ, ಅರ್ಥಿಂಗ್ ಕೊಟ್ಟಿರಬೇಕು.

6. ಥಿನ್ನರ್, ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ರಾಶಿ ಹಾಕಬೇಡಿ. ಮುಚ್ಚಳವಿರುವ ಲೋಹದ ಬುಟ್ಟಿಯಲ್ಲಿ ಹಾಕಿ, ದಿನಾ ಖಾಲಿ ಮಾಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ಕಿಡಿಯಿಲ್ಲದೆಯೂ ತಾನೇ ಬಿಸಿಯಾಗಿ ಹತ್ತಿಕೊಳ್ಳುತ್ತದೆ.

7. ಥಿನ್ನರ್ ಬೆಂಕಿಗೆ ನೀರು ಎರಚಬೇಡಿ. ಥಿನ್ನರ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ನೊರೆ, ಒಣ ಪುಡಿ ಅಥವಾ ಕಾರ್ಬನ್ ಡೈಆಕ್ಸೈಡ್ ಇರುವ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ.

ಕಾನೂನಿನ ಮಾತೂ ಒಂದಿದೆ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಫ್ಲ್ಯಾಷ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆ ಇರುವವು ‘ಎ’ ವರ್ಗ. ಮಾರಾಟಕ್ಕಲ್ಲದೆ ಸ್ವಂತ ಉಪಯೋಗಕ್ಕೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್ ಮಾತ್ರ. ಅದೂ ಬಿಗಿಯಾಗಿ ಮುಚ್ಚಿದ ಗಾಜು, ಪಿಂಗಾಣಿ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಪಿಂಗಾಣಿಯದಾದರೆ 1 ಲೀಟರ್, ಲೋಹದ್ದಾದರೆ 25 ಲೀಟರ್ ಮೀರದಂತೆ. ಪ್ಲಾಸ್ಟಿಕ್ ಕ್ಯಾನಿನ ಹೆಸರೇ ಅಲ್ಲಿಲ್ಲ. ವಿಮೆ ಮಾಡಿಸುವಾಗ ಇಂಥ ಸರಕಿನ ವಿಷಯ ತಿಳಿಸದಿದ್ದರೆ ಕ್ಲೇಮಿನ ವೇಳೆ ತಕರಾರು ಏಳಬಹುದು ಎಂಬುದನ್ನು ಬ್ಯಾಂಕಿನವನಾಗಿ ಸೇರಿಸುತ್ತೇನೆ.

ಇದು ಪ್ರಿಂಟಿಂಗ್‌ನವರಿಗೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಸದಸ್ಯರಲ್ಲಿ ಹೋಟೆಲಿನವರು, ಗ್ಯಾರೇಜಿನವರು, ಫರ್ನಿಚರ್ ಪಾಲಿಶ್ ಮಾಡಿಸುವವರು, ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುವವರು ಇದ್ದಾರೆ. ಬಫೆ ಪಾತ್ರೆಗಳ ಕೆಳಗೆ ಉರಿಸುವ ಸ್ಪಿರಿಟ್ ಜೆಲ್, ಸ್ಯಾನಿಟೈಸರ್ ಕ್ಯಾನ್, ಜನರೇಟರಿಗೆಂದು ತಂದಿಟ್ಟ ಪೆಟ್ರೋಲ್ ಎಲ್ಲವೂ ಈ ಲೆಕ್ಕಕ್ಕೇ ಸೇರುತ್ತವೆ.

ಸುಟ್ಟರೆ ಮೊದಲು ಏನು ಮಾಡಬೇಕು?

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು. ಬೆಂಕಿ ಆರಿದ ಮೇಲೆ ಸುಟ್ಟ ಜಾಗದ ಮೇಲೆ ನಲ್ಲಿಯ ತಣ್ಣೀರು 20 ನಿಮಿಷ ಹರಿಯಲಿ. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಉಂಗುರ, ಗಡಿಯಾರ ಬೇಗ ತೆಗೆಯಿರಿ, ಆಮೇಲೆ ಊತ ಬರುತ್ತದೆ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ.

ನಮ್ಮ ವಿನಂತಿ

ಈ ಹುಡುಗನಿಗೆ ಎರಡು ಸಲ ಚರ್ಮ ಕಸಿ ಆಗಿದೆ. ಬೆರಳುಗಳು ಮತ್ತೆ ಮಡಚುವಂತಾಗಲು ಇನ್ನೊಂದು ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಒತ್ತಡದ ಉಡುಪು ಬೇಕೆಂದು ವೈದ್ಯರು ಹೇಳಿದ್ದಾರೆ. ಗಾಲಾದಲ್ಲಿ ಕೆಲಸಕ್ಕಿದ್ದವರು ಆರೇ ಮಂದಿ, ಇಎಸ್‌ಐ ಇರಲಿಲ್ಲ. ಮಾಲೀಕರೂ ದೂರದವರಲ್ಲ, ನಮ್ಮ ಕನ್ನಡಿಗರೇ. ಕೈಲಾದಷ್ಟು ಖರ್ಚು ಹಾಕಿದ್ದಾರೆ, ಅವರ ಗಾಲಾ ಕೂಡ ಸುಟ್ಟಿದೆ. ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಅವರಂಥವರ ಗಾಲಾಗಳನ್ನು “ತೃಪ್ತಿಕರ” ಎಂದು ಬರೆದವನು ನಾನು.

ನಿಧಿಯಿಂದ ಮೊದಲ ಕಂತು ಕೊಟ್ಟಿದ್ದೇವೆ. ಮುಂದಿನ ಶಸ್ತ್ರಚಿಕಿತ್ಸೆಗೆ ನಿಮ್ಮ ಸಹಾಯ ಬೇಕು. ಸಂಘದ ವೈದ್ಯಕೀಯ ನೆರವು ನಿಧಿಯ ಹೆಸರಿಗೆ ಚೆಕ್ ಅಥವಾ ಕಚೇರಿಯಲ್ಲಿ ನಗದು ಕೊಟ್ಟು ರಸೀದಿ ಪಡೆಯಿರಿ. ಮೊತ್ತ ಚಿಕ್ಕದೆಂದು ಸಂಕೋಚ ಬೇಡ. ಖರ್ಚಾದ ಪ್ರತಿ ರೂಪಾಯಿಯ ಬಿಲ್ಲು ಕಚೇರಿಯಲ್ಲಿ ನೋಡಲು ಸಿಗುತ್ತದೆ.

ಎರಡನೆಯ ವಿನಂತಿಗೆ ದುಡ್ಡು ಬೇಡ. ನಾಳೆ ಬೆಳಿಗ್ಗೆ ನಿಮ್ಮ ಅಂಗಡಿ, ಗಾಲಾ, ಹೋಟೆಲಿನ ಹಿಂಬದಿಗೆ ಹೋಗಿ ಒಂದು ಸುತ್ತು ನೋಡಿ. ಯಾವ ದ್ರವ ಎಲ್ಲಿದೆ, ಎಷ್ಟಿದೆ, ಮುಚ್ಚಳ ಇದೆಯೇ, ಒಲೆ ಎಲ್ಲಿದೆ ಎಂದು ಒಂದು ಕಾಗದದಲ್ಲಿ ಬರೆಯಿರಿ. ಕಪಾಟು ಕೊಳ್ಳುವ ತನಕ ಕಾಯಬೇಕಿಲ್ಲ. ಮುಚ್ಚಳ ಹಾಕುವುದು, ಒಲೆಯನ್ನು ಹೊರಗಿಡುವುದು ಇವತ್ತೇ ಆಗುವ ಕೆಲಸ. ಕರೆದರೆ ನಾನೂ ನನ್ನ ಮಿತ್ರರೂ ಬಂದು ನೋಡಿ ಹೇಳುತ್ತೇವೆ. ಕಚೇರಿಯಲ್ಲಿ ಹೆಸರು ಬರೆಸಿ.

ಕಳೆದ ವಾರ ಮತ್ತೆ ಆಸ್ಪತ್ರೆಗೆ ಹೋಗಿದ್ದೆ. ಆ ತಾಯಿಗೆ ಆವಿಯ ವಿಷಯ ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: “ಹಂಗಾದ್ರ ಒಂದು ಮುಚ್ಚಳ ಹಾಕಿದ್ರ ಆಗ್ತಿತ್ತೇನ್ರೀ?”

ಬಹುಮಟ್ಟಿಗೆ ಹೌದು ಎಂದೆ. ಈ ಲೇಖನ ಬರೆದದ್ದು ಆ ಉತ್ತರ ಹೇಳಿ ಬಂದ ರಾತ್ರಿ.