ಊರಿನ ಗ್ರಂಥಾಲಯಕ್ಕೆ ಅಂತರ್ಜಾಲದ ಕಪಾಟು

ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಗುಡಿಗಳ ಊರು. ಇಲ್ಲಿನ ಹೈಸ್ಕೂಲು ಹುಡುಗಿಯೊಬ್ಬಳು ಆ ಗುಡಿಗಳ ಬಗ್ಗೆ ಪ್ರಬಂಧ ಬರೆಯಬೇಕಾಗಿದೆ ಎಂದುಕೊಳ್ಳೋಣ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಊರ ಹೆಸರು ಹಾಕಿದರೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಶಿರವಳ ಎದುರಿಗೆ ಬಂದು ನಿಲ್ಲುವ ಸಾಧ್ಯತೆಯೇ ಹೆಚ್ಚು. ಹೆಸರಿನ ಜೊತೆಗೆ ‘ಶಹಾಪುರ’ ಎಂದೋ ‘ಯಾದಗಿರಿ’ ಎಂದೋ ಸೇರಿಸಿದರೆ ಸ್ವಂತ ಊರು ಸಿಗುತ್ತದೆ. ಆದರೆ ಹಳೆಯ ಪುಸ್ತಕಗಳನ್ನು ಹುಡುಕುವಾಗ ‘ಯಾದಗಿರಿ’ ಎಂಬ ಹೆಸರೂ ಕೈಕೊಡುತ್ತದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಮೊದಲು ಇದೆಲ್ಲ ಗುಲ್ಬರ್ಗಾ ಜಿಲ್ಲೆ.

ಗುಡಿಗಳ ಕಥೆ ತಿಳಿಯಲು ಶಾಸನಗಳನ್ನು ನೋಡಬೇಕು. ಶಾಸನ ಎಂದಕೂಡಲೇ ಮೇಷ್ಟ್ರುಗಳು ಹೇಳುವುದು ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು. ಅವು ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಶಿರವಾಳದವರು ಅವುಗಳಲ್ಲಿ ತಮ್ಮ ಊರನ್ನು ಹುಡುಕಿ ಫಲವಿಲ್ಲ. ರೈಸ್ ಅವರ ಕೆಲಸ ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತವಾಗಿತ್ತು. ಶಹಾಪುರ, ಸುರಪುರಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಉಳಿದವು. ಹಾಗಾಗಿ ಈ ಭಾಗದ ಶಾಸನಗಳಿಗೆ ‘ಹೈದರಾಬಾದ್ ಪುರಾತತ್ವ ಮಾಲೆ’ಯನ್ನು ನೋಡಬೇಕು. ಅದರಲ್ಲೂ ಪಿ.ಬಿ. ದೇಸಾಯಿಯವರು ಸಂಪಾದಿಸಿ 1958ರಲ್ಲಿ ಹೊರಬಂದ, ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನ ಸಂಪುಟವನ್ನು ಮೊದಲು ತೆರೆಯಬೇಕು. ‘ಗುಲ್ಬರ್ಗಾ’, ‘ಹೈದರಾಬಾದ್’ ಎಂಬ ಎರಡು ಹಳೆಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ ಹುಡುಕಿದರೆ ಕಲ್ಯಾಣ ಕರ್ನಾಟಕದ ಎಷ್ಟೋ ದಾಖಲೆಗಳು ಮೇಲೆ ಬರುತ್ತವೆ. ಇಂಥ ಸುಳಿವನ್ನು ಹೇಳಿಕೊಡುವ ಗ್ರಂಥಾಲಯ ಮೇಲ್ವಿಚಾರಕರು ಊರಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಹಳೆಯ ಹೆಸರು ಹಾಕಿ ಹುಡುಕಬೇಕೆಂಬ ಮಾತು ಸುರಪುರದ ವಿಷಯದಲ್ಲಿ ಇನ್ನೂ ನಿಜ. 1841ರಲ್ಲಿ ಅಲ್ಲಿಗೆ ಬಂದ ಕ್ಯಾಪ್ಟನ್ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ. ದೊರೆ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. ಟೇಲರ್ ಸತ್ತ ಮರುವರ್ಷ, 1877ರಲ್ಲಿ, ಅವನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಅಚ್ಚಾಯಿತು. ಸುರಪುರದ ಅರಮನೆ, ಬೇಡ ಸಮುದಾಯ, 1857-58ರ ಬಂಡಾಯದ ದುರಂತ ಎಲ್ಲವೂ ಅದರಲ್ಲಿವೆ. ಆರ್ಕೈವ್ ತಾಣದಲ್ಲಿ ಆ ಪುಸ್ತಕ ತೆರೆದು, ಒಳಗೆ ಹುಡುಕುವ ಚೌಕದಲ್ಲಿ ‘ಶೋರಾಪುರ್’ (Shorapoor) ಎಂದು ಅವನ ಕಾಲದ ಇಂಗ್ಲಿಷ್ ಬರಹದಂತೆ ಹಾಕಿದರೆ ಆ ಊರು ಬರುವ ಪುಟಗಳೆಲ್ಲ ಸಾಲಾಗಿ ಕಾಣುತ್ತವೆ. ಈಗಿನ ‘ಸುರಪುರ’ ಹಾಕಿದರೆ ಅವು ಸಿಗುವುದಿಲ್ಲ. ಓದುವಾಗ ಒಂದು ಎಚ್ಚರ ಇರಲಿ: ಇದು ಬ್ರಿಟಿಷ್ ಅಧಿಕಾರಿಯ ಕಣ್ಣಿನಲ್ಲಿ ಕಂಡ ಸುರಪುರ. ವೆಂಕಟಪ್ಪ ನಾಯಕನ ಬಂಡಾಯದ ಬಗ್ಗೆ ನಮ್ಮವರು ಬರೆದದ್ದನ್ನೂ ಜೊತೆಗಿಟ್ಟುಕೊಂಡು ಓದಿದರೆ ಚಿತ್ರ ಪೂರ್ತಿಯಾಗುತ್ತದೆ.

ಇಂಥ ಪುಸ್ತಕಗಳು ಪುಕ್ಕಟೆ ಸಿಗುವುದಕ್ಕೆ ಕಾನೂನಿನ ಆಧಾರವಿದೆ. ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಅವರ ಕೃತಿಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ವಚನಗಳ ಓಲೆಗರಿಗಳನ್ನು ಊರೂರು ತಿರುಗಿ ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದ ಫ.ಗು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. 2025ರ ಜನವರಿಯಿಂದ ಅವರ ಬರಹ ಎಲ್ಲರ ಆಸ್ತಿ.

ವಚನದ ಮಾತು ಬಂದಾಗ ಈ ನೆಲದವರು ಮರೆಯಬಾರದ ತಾಣ ‘ವಚನ ಸಂಚಯ’. ಕನ್ನಡದ ಉತ್ಸಾಹಿಗಳು ಕಟ್ಟಿದ ಈ ತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಪದವೊಂದನ್ನು ಕೊಟ್ಟರೆ ಅದು ಯಾವ ವಚನಕಾರರಲ್ಲಿ, ಯಾವ ವಚನಗಳಲ್ಲಿ ಬಂದಿದೆ ಎಂದು ತೋರಿಸುತ್ತದೆ. ನೇಕಾರ ವಚನಕಾರ ಜೇಡರ ದಾಸಿಮಯ್ಯನ ಊರು ಮುದನೂರು ಸುರಪುರದ ಸೀಮೆಯದೇ. ಅಲ್ಲಿನ ದೇವರು ರಾಮನಾಥ, ದಾಸಿಮಯ್ಯನ ಅಂಕಿತವೂ ರಾಮನಾಥ. ಆ ಒಂದು ಪದ ಹಾಕಿದರೆ ಅವನ ವಚನಗಳು ತೆರೆದುಕೊಳ್ಳುತ್ತವೆ. ಅರ್ಥ ತಿಳಿಯದ ಪದ ಬಂದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಕೂಡ ಇದೆ.

ಚಿಕ್ಕ ಮಕ್ಕಳಿಗೆ ‘ಸ್ಟೋರಿವೀವರ್’ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಈ ತಾಣದ ಕನ್ನಡ ಕಥೆಗಳನ್ನು ಚಿತ್ರಸಮೇತ ಇಳಿಸಿಕೊಂಡು ಮುದ್ರಿಸಿ ಹಂಚಬಹುದು, ಅದಕ್ಕೆ ಪರವಾನಗಿಯೇ ಇದೆ. ಶಾಲಾ ಪಠ್ಯಕ್ಕೆ ‘ದೀಕ್ಷಾ’ ತಾಣವಿದೆ.

ಸಂಜೆ ಹೊತ್ತು ಗ್ರಂಥಾಲಯಕ್ಕೆ ಪೇಪರ್ ಓದಲು ಬರುವ ರೈತರಿಗೆ ಬೇಕಾದದ್ದು ಬೇರೆ. ಹತ್ತಿ, ತೊಗರಿಯನ್ನು ಗಾಡಿಗೆ ಹೇರುವ ಮೊದಲು ರಾಜ್ಯ ಕೃಷಿ ಮಾರಾಟ ಮಂಡಳಿಯ ‘ಕೃಷಿ ಮಾರಾಟ ವಾಹಿನಿ’ ನೋಡಿದರೆ ಯಾವ ಎಪಿಎಂಸಿಗೆ ಎಷ್ಟು ಆವಕ, ಕ್ವಿಂಟಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದು ತಿಳಿಯುತ್ತದೆ. ಗರಿಷ್ಠ ದರವೊಂದನ್ನೇ ನೋಡಿ ಆಸೆಪಡಬಾರದು, ಅದು ಒಂದೆರಡು ಉತ್ತಮ ರಾಶಿಗೆ ಸಿಕ್ಕ ಬೆಲೆ ಆಗಿರಬಹುದು. ಹೆಚ್ಚಿನ ಮಾಲು ಮಾರಿಹೋದ ಬೆಲೆಯ ಅಂಕಣ ಪಕ್ಕದಲ್ಲೇ ಇರುತ್ತದೆ. ಅಡತಿ ಅಂಗಡಿಯಲ್ಲಿ ಮಾತಿಗೆ ಕೂರುವಾಗ ಕೈಯಲ್ಲಿರಬೇಕಾದ ಅಂಕಿ ಅದು.

ಇಷ್ಟಕ್ಕೆಲ್ಲ ಪ್ರತಿಯೊಬ್ಬರ ಬಳಿ ಒಳ್ಳೆಯ ಮೊಬೈಲು ಇರಬೇಕೆಂದಿಲ್ಲ. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿದ ಮೇಲೆ ಅನೇಕ ಕಡೆ ಕಂಪ್ಯೂಟರು, ಸ್ಮಾರ್ಟ್ ಫೋನು ಬಂದಿವೆ, ‘ಅರಿವು ಕೇಂದ್ರ’ ಎಂಬ ಫಲಕವೂ ಬಂದಿದೆ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಅದೇ ವರ್ಷ ಬಂದ ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೂ ದುಡ್ಡು ಕೊಡಬೇಕಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅಲ್ಲಿ ನೋಂದಾಯಿಸಿಕೊಳ್ಳಬಹುದು. ಸಾರ್ವಜನಿಕ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದವರು ಏಳುವ ಮುನ್ನ ಲಾಗೌಟ್ ಆಗಬೇಕು, ಡೌನ್‌ಲೋಡ್ ಆದ ಆಧಾರ್ ಪ್ರತಿಯನ್ನು ಅಳಿಸಬೇಕು. ಒಟಿಪಿಯನ್ನು ಯಾರಿಗೂ ಹೇಳಬಾರದು, ಪಕ್ಕದಲ್ಲಿ ಕೂತು ಸಹಾಯ ಮಾಡುವವರಿಗೂ.

ಪ್ರಬಂಧ ಬರೆಯುವ ಆ ಹುಡುಗಿಗೆ ಶಾಸನ ಸಂಪುಟಗಳಿಂದ ಸಿಗುವುದು ಹಳೆಯ ಪಂಡಿತರು ಕಂಡದ್ದಷ್ಟೇ. ಗುಡಿಗಳ ಇಂದಿನ ಸ್ಥಿತಿಯನ್ನು ದಾಖಲಿಸಬಲ್ಲವರು ಶಿರವಾಳದವರೇ. ಅದಕ್ಕೆ ‘ವಿಕಿಮೀಡಿಯ ಕಾಮನ್ಸ್’ ಇದೆ, ಖಾತೆ ತೆರೆದು ತಾವೇ ತೆಗೆದ ಫೋಟೊ ಏರಿಸಬಹುದು. ಶಾಸನದ ಅಕ್ಷರ ಕಾಣಲು ಕಲ್ಲಿಗೆ ಸುಣ್ಣ, ಬಣ್ಣ ಬಳಿಯಬಾರದು. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆದರೆ ಕೊರೆದ ಗೆರೆಗಳಲ್ಲಿ ನೆರಳು ಬಿದ್ದು ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ವಿವರದ ಜಾಗದಲ್ಲಿ ಗುಡಿಯ ಹೆಸರು, ದಿನಾಂಕ, ‘ಶಿರವಾಳ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ’ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಬೇಕು. ಆಗ ಮುಂದೆ ಹುಡುಕುವವರು ಸಾತಾರಾ ಜಿಲ್ಲೆಯ ಊರಿಗೆ ಹೋಗಿ ಸೇರುವುದಿಲ್ಲ.