ಧಾರವಾಡದ ಫ್ಲಾಸ್ಕಿನಿಂದ ನವಲಗುಂದದ ಅಂಗಡಿಗೆ

ಎಮ್ಮೆಯ ಕೆಚ್ಚಲು ಬಾವಿಗೆ ಇಂಜೆಕ್ಷನ್, ಮಗುವಿನ ಗಂಟಲು ನೋವಿಗೆ ಗುಳಿಗೆ. ನವಲಗುಂದ, ಅಣ್ಣಿಗೇರಿಯ ಔಷಧ ಅಂಗಡಿಗಳಲ್ಲಿ ಸಿಗುವ ಆಂಟಿಬಯಾಟಿಕ್‌ಗಳು ಹೆಚ್ಚುಕಡಿಮೆ ಎಲ್ಲ ಹಳೆಯ ಕುಲದವೇ. ಹೊಸಾದು ಯಾಕ ಬರವಲ್ದು? ಉತ್ತರದ ಒಂದು ತುದಿ ಹತ್ತಿರದಲ್ಲೇ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿದೆ.

ಅಲ್ಲಿ ಪ್ರೊ. ಮನೋಹರ ವಿ. ಕುಲಕರ್ಣಿ ಮತ್ತು ಅವರ ಶಿಷ್ಯರು ಬಹುಕಾಲ ಬೆನ್ನುಹತ್ತಿದ್ದು ಕೂಮರಿನ್ ಎಂಬ ಅಣುವನ್ನು. ಕೆಲವು ಹುಲ್ಲು ಒಣಗಿದಾಗ ಬರುವ ಸಿಹಿ ವಾಸನೆ ಇದರದೇ. ಅವರ ಮೆಚ್ಚಿನ ಕಚ್ಚಾವಸ್ತು 4-ಬ್ರೋಮೋಮಿಥೈಲ್ ಕೂಮರಿನ್. ಇದರ ಬ್ರೋಮಿನ್ ಸುಲಭವಾಗಿ ಕಳಚುತ್ತದೆ, ಆ ಜಾಗಕ್ಕೆ ಬೇಕಾದ ತುಣುಕನ್ನು ಜೋಡಿಸಬಹುದು. ಕೂಮರಿನ್ನೇ ಯಾಕೆ ಎಂದರೆ, 1950ರ ದಶಕದಲ್ಲಿ ಬಂದ ನೊವೊಬಯೋಸಿನ್ ಎಂಬ ಆಂಟಿಬಯಾಟಿಕ್‌ನ ಒಡಲಲ್ಲಿರುವುದೂ ಅದೇ. ನೊವೊಬಯೋಸಿನ್ ತಡೆಯುವುದು ಬ್ಯಾಕ್ಟೀರಿಯಾದ ಗೈರೇಸ್ ಕಿಣ್ವವನ್ನು. ಹೆಚ್ಚು ಹುರಿಗೊಂಡ ಹಗ್ಗದಂತೆ ಡಿಎನ್‌ಎ ಸಿಕ್ಕಾಗದ ಹಾಗೆ ನೋಡಿಕೊಳ್ಳುವುದು ಗೈರೇಸ್‌ನ ಕೆಲಸ. ಅದು ನಿಂತರೆ ರೋಗಾಣುವಿನ ವಂಶ ಬೆಳೆಯದು.

ಹೊಸ ಅಣುವಿನ ಸುತ್ತ ಪೆಟ್ರಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ತಿಳಿ ವೃತ್ತ ಕಂಡರೆ ಸಂಶೋಧನಾ ಪ್ರಬಂಧ ಸಿದ್ಧ. ನನ್ನ ಮಟ್ಟಿಗೆ ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಗ್ಗಿದರೂ ಇ. ಕೊಲೈ ಎಂಬುದು ಬಗ್ಗಲಿಕ್ಕಿಲ್ಲ: ಅದಕ್ಕೆ ಇನ್ನೊಂದು ಹೊರಪೊರೆಯಿದೆ, ಒಳಬಂದ ಔಷಧವನ್ನು ಹೊರದಬ್ಬುವ ಪಂಪುಗಳಿವೆ. ಅದನ್ನೂ ಗೆದ್ದ ಅಣು ರೋಗಿಯ ಯಕೃತ್ತು, ಹೃದಯಕ್ಕೆ ತೊಂದರೆ ಕೊಡಬಾರದು. ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷೆ. ಅದಕ್ಕೆ ಬೇಕಾದ ದುಡ್ಡು ವಿಶ್ವವಿದ್ಯಾಲಯದ ಕೈಗೆಟುಕುವಂಥದಲ್ಲ. ಕಂಪನಿಗಳಿಗೂ ಆಸೆಯಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ಜೀವನವಿಡೀ ನುಂಗುತ್ತಾರೆ, ಆಂಟಿಬಯಾಟಿಕ್ ಐದಾರು ದಿನದ್ದು.

2014ರಲ್ಲಿ ಔಷಧ ಕಂಪನಿ ಆಸ್ಟ್ರಾಜೆನೆಕಾ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಹೇಳಿತು. ಅಲ್ಲಿ ದುಡಿದಿದ್ದ ವಿ. ಬಾಲಸುಬ್ರಮಣಿಯನ್, ಸಂತನು ದತ್ತ ಅವರು ಆನಂದ್ ಆನಂದಕುಮಾರ್ ಜತೆ ಅದೇ ವರ್ಷ ಕಟ್ಟಿದ ಕಂಪನಿ ಬಗ್‌ವರ್ಕ್ಸ್. ಅವರ ಬಿಡಬ್ಲ್ಯುಸಿ0977 ಅಣುವಿನ ಗುರಿಯೂ ಗೈರೇಸ್. ಜತೆಗೆ ಟೊಪೊಐಸೊಮರೇಸ್-4 ಎಂಬ ಇನ್ನೊಂದು ಕಿಣ್ವ. ಒಂದು ಕಿಣ್ವದ ರೂಪ ಬದಲಿಸಿ ರೋಗಾಣು ತಪ್ಪಿಸಿಕೊಂಡರೂ ಇನ್ನೊಂದರಲ್ಲಿ ಸಿಕ್ಕಿಬೀಳಲಿ ಎಂಬ ಲೆಕ್ಕ. ಅಂತರರಾಷ್ಟ್ರೀಯ ನಿಧಿ ಕಾರ್ಬ್-ಎಕ್ಸ್‌ನ ನೆರವಿದ್ದೂ, ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ ಮುಟ್ಟಲು ಅದಕ್ಕೆ ವರ್ಷಗಳೇ ಹಿಡಿದವು.

ಹೊಸ ಔಷಧ ಬರುವವರೆಗೆ ಇರುವುದನ್ನೇ, ರೋಗಾಣುಗಳು ಅದಕ್ಕೆ ಒಗ್ಗಿಹೋಗದ ಹಾಗೆ, ಕಾಪಾಡಿಕೊಳ್ಳಬೇಕು. ಸೆಫಿಕ್ಸಿಮ್‌ನಂಥ ಎಚ್1 ಪಟ್ಟಿಯ ಔಷಧ ಮಾರುವಾಗ ವೈದ್ಯರ, ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ನಿಯಮ 2014ರ ಮಾರ್ಚ್ 1ರಿಂದಲೇ ಇದೆ. ಅಂಗಡಿಯವರು ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಕೇಳದಿದ್ದರೆ, ಯಾಕೆ ಕೇಳಲಿಲ್ಲವೆಂದು ನೀವೇ ಕೇಳಿ.